ಸೋತ ಮರುದಿನ

ಆತ್ಮೀಯ ಕೇಳುಗರೇ, ನಮಸ್ಕಾರ.

1982ರ ಡಿಸೆಂಬರ್ 1ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿಯವರು ಕ್ರೀಡಾಂಗಣದಲ್ಲಿದ್ದರು. ಅಲ್ಲಿಗೆ ಹೋಗಲಾಗದ ಲಕ್ಷಾಂತರ ಜನ ರೇಡಿಯೊಗೆ ಕಿವಿಗೊಟ್ಟು ಕುಳಿತಿದ್ದರು. ಪಾಕಿಸ್ತಾನ ಏಳು ಗೋಲು ಹೊಡೆಯಿತು, ಭಾರತ ಒಂದು. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಆಸ್ಟ್ರೇಲಿಯಾದ ಎದುರು ಅದೇ 7–1ರ ಅಂತರದಲ್ಲಿ ಸೋತಿತು. ಮೊದಲನೆಯ ಸೋಲು ಒಬ್ಬ ಗೋಲ್‌ಕೀಪರ್‌ ಅವರ ಬದುಕನ್ನೇ ಹಿಂಡಿಹಾಕಿತು. ಎರಡನೆಯ ಸೋಲು ಕಂಡ ತಂಡ ಹನ್ನೊಂದು ದಿನಗಳ ಬಳಿಕ ಕಂಚಿನ ಪದಕ ಗೆದ್ದಿತು. ಒಂದು ಫೈನಲ್, ಇನ್ನೊಂದು ಲೀಗ್ ಪಂದ್ಯ, ಹೋಲಿಕೆಗೆ ಮಿತಿಯಿದೆ. ಆದರೂ ಸೋಲುತ್ತಿರುವ ಹಾಕಿ ತಂಡವೊಂದರ ಆಡಳಿತ ನಡೆಸುವವರು ಸೋತ ಮರುದಿನ ಏನು ಮಾಡಬೇಕು ಎಂದು ಯೋಚಿಸುವಾಗಲೆಲ್ಲ ಈ ಎರಡು ಪಂದ್ಯಗಳು ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ದೆಹಲಿಯಲ್ಲಿ ಅಂದು ಗೋಲ್ ಕಾಯುತ್ತಿದ್ದವರು ಮೀರ್ ರಂಜನ್ ನೇಗಿ. ಹಣ ಪಡೆದು ಗೋಲು ಬಿಟ್ಟರು ಎಂಬ ಮಾತು ಊರೂರಿಗೆ ಹಬ್ಬಿತು. ದೇಶದ್ರೋಹಿ ಎಂಬ ಹಣೆಪಟ್ಟಿ ಅಂಟಿತು. ಏಳು ಗೋಲು ಬೀಳುವುದಕ್ಕೆ ಗೋಲ್‌ಕೀಪರ್‌ಗಿಂತ ಮುಂಚೆ ರಕ್ಷಣಾ ಸಾಲು ಒಡೆದಿರಬೇಕು, ಅದಕ್ಕಿಂತ ಮುಂಚೆ ಮಧ್ಯ ಸಾಲು ಚೆಂಡನ್ನು ಬಿಟ್ಟುಕೊಟ್ಟಿರಬೇಕು, ಅದಕ್ಕೂ ಮುಂಚೆ ಆಟದ ಯೋಜನೆಯಲ್ಲೇ ಎಲ್ಲೋ ಬಿರುಕಿರಬೇಕು. ಹನ್ನೊಂದು ಮಂದಿಯ ಸೋಲು, ಅವರನ್ನು ಆಯ್ದು ಕಳಿಸಿದವರ ಸೋಲು, ಒಬ್ಬರ ತಲೆಗೆ ಬಂತು. ಹದಿನಾರು ವರ್ಷಗಳ ನಂತರ, 1998ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಾಗ, ಅದೇ ನೇಗಿಯವರು ಗೋಲ್‌ಕೀಪರ್‌ಗಳ ತರಬೇತುದಾರರಾಗಿ ತಂಡದ ಜೊತೆಗಿದ್ದರು. ಫೈನಲ್ ಪಂದ್ಯದ ಟೈಬ್ರೇಕರ್‌ನಲ್ಲಿ ದಕ್ಷಿಣ ಕೊರಿಯಾದ ಹೊಡೆತಗಳಿಗೆ ಅಡ್ಡನಿಂತವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಆ ಚಿನ್ನ ತಂದ ಬಳಿಕ ಧನರಾಜ್ ಪಿಳ್ಳೆ ಸೇರಿದಂತೆ ಹಲವು ಹಿರಿಯರನ್ನು ವಿಶ್ರಾಂತಿಯ ಹೆಸರಿನಲ್ಲಿ ತಂಡದಿಂದ ಹೊರಗಿಟ್ಟರು ಎಂಬುದನ್ನು ನೆನೆದರೆ ಈಗಲೂ ಮನಸ್ಸು ಕಹಿಯಾಗುತ್ತದೆ. ಗೆಲುವನ್ನೇ ಓದಲು ಬಾರದ ಆಡಳಿತ ಸೋಲನ್ನು ಓದೀತು ಎಂದು ಹೇಗೆ ನಿರೀಕ್ಷಿಸುವುದು?

ಓದುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಪ್ರತಿ ಸೋಲಿನಲ್ಲೂ ಒಂದು ಸುದ್ದಿ ಇರುತ್ತದೆ, ಆದರೆ ಅದು ಯಾರ ವಿಳಾಸಕ್ಕೆ ಬಂದದ್ದು ಎಂಬುದನ್ನು ಮೊದಲು ನೋಡಬೇಕು. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ನಮ್ಮ ಹುಡುಗರು ಆಟ ಮರೆತಿದ್ದರೇ? ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಟರ್ಫ್ ಮೇಲೆ ನಡೆದದ್ದು ಅಲ್ಲಿ. ಹುಲ್ಲಿನ ಮೇಲೆ ಚೆಂಡು ತುಸು ಪುಟಿಯುತ್ತದೆ, ತಡೆಯುತ್ತದೆ, ಅದನ್ನು ಕೋಲಿಗೆ ಅಂಟಿಸಿಕೊಂಡು ಇಬ್ಬರನ್ನು ಮೂವರನ್ನು ವಂಚಿಸಿ ಮುಂದೆ ಸಾಗುವ ಕೌಶಲಕ್ಕೆ ಬೆಲೆಯಿರುತ್ತದೆ. ಟರ್ಫ್ ಮೇಲೆ ಚೆಂಡು ಬಾಣದಂತೆ ಹೋಗುತ್ತದೆ, ಅಲ್ಲಿ ಓಟದ ದಮ್ಮು ಮತ್ತು ದೂರದ ನೇರ ಪಾಸು ಮುಖ್ಯವಾಗುತ್ತವೆ. ಆ ಏಳನೆಯ ಸ್ಥಾನದ ಸುದ್ದಿ ಆಡಳಿತ ನಡೆಸುವವರ ವಿಳಾಸಕ್ಕೆ ಬಂದದ್ದು: ಟರ್ಫ್ ಹಾಕಿಸಿ, ಹತ್ತು ವರ್ಷದ ಮಕ್ಕಳನ್ನು ಅದರ ಮೇಲೆ ಆಡಿಸಿ ಎಂಬುದೇ ಅದರ ಒಕ್ಕಣೆ. ಟರ್ಫ್‌ಗಳು ಬಂದವು, ಆದರೆ ಬಹಳ ನಿಧಾನವಾಗಿ. ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದ ಹುಡುಗ ಹದಿನೆಂಟನೆಯ ವಯಸ್ಸಿನಲ್ಲಿ ಟರ್ಫ್ ಕಂಡು, ಅಷ್ಟರೊಳಗೆ ಕೈಗೆ ಅಂಟಿದ ಅಭ್ಯಾಸಗಳನ್ನು ಬಿಡಿಸಿಕೊಳ್ಳಲು ಪಡುತ್ತಿದ್ದ ಪಾಡನ್ನು ಹಾಕಿಯ ಊರುಗಳಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ.

ಇದಕ್ಕೆ ಪ್ರತಿಯಾಗಿ 2025ರ ಜೂನ್ ತಿಂಗಳನ್ನು ನೋಡಿ. ಪ್ರಮುಖ ರಾಷ್ಟ್ರಗಳ ತಂಡಗಳು ಆಡುವ ಪ್ರೊ ಲೀಗ್‌ನ ಯುರೋಪ್ ಹಂತದಲ್ಲಿ ನೆದರ್ಲೆಂಡ್ಸ್, ಅರ್ಜೆಂಟೀನಾ, ಆಸ್ಟ್ರೇಲಿಯಾ, ಬೆಲ್ಜಿಯಂ ತಂಡಗಳ ಎದುರು ಭಾರತ ಸತತವಾಗಿ ಏಳು ಪಂದ್ಯ ಸೋತಿತು. ಕೊನೆಯ ಪಂದ್ಯದಲ್ಲಿ ಬೆಲ್ಜಿಯಂ ಅನ್ನು 4–3ರಿಂದ ಸೋಲಿಸಿದರೂ ಒಂಬತ್ತು ತಂಡಗಳಲ್ಲಿ ಎಂಟನೆಯದಾಗಿ ಉಳಿಯಿತು. ಏಳು ಸೋಲು ಎಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಏಳರಲ್ಲಿ ಆರು ಸೋಲುಗಳು ಒಂದೇ ಗೋಲಿನ ಅಂತರದವು. ನೆದರ್ಲೆಂಡ್ಸ್ ಎದುರಿನ ಎರಡು ಪಂದ್ಯಗಳಲ್ಲೂ ಗೆಲುವಿನ ಗೋಲು ಬಿದ್ದದ್ದು ಕೊನೆಯ ಕೆಲವೇ ನಿಮಿಷಗಳಲ್ಲಿ. ಇಂಥ ತಂಡಕ್ಕೆ ಹೊಸ ಕೋಚ್ ತರುವುದರಿಂದಾಗಲಿ, ಅರ್ಧ ತಂಡವನ್ನು ಬದಲಿಸುವುದರಿಂದಾಗಲಿ ಆಗುವ ಉಪಕಾರವೇನು? ಕೊನೆಯ ಕ್ವಾರ್ಟರ್‌ನಲ್ಲಿ ಯಾರು ಯಾವಾಗ ಮೈದಾನದಿಂದ ಹೊರಬರಬೇಕು, ಮುನ್ನಡೆಯಲ್ಲಿರುವಾಗ ಚೆಂಡನ್ನು ಎಲ್ಲಿ ಹಿಡಿದಿಟ್ಟುಕೊಳ್ಳಬೇಕು, ದಣಿದ ಕಾಲುಗಳು ಯಾವ ತಪ್ಪಿಗೆ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಎಂಬ ಗೋಲಿನ ಅವಕಾಶ ಕೊಡುತ್ತಿವೆ ಎಂಬ ಸಣ್ಣ ಸಣ್ಣ ಲೆಕ್ಕಗಳಲ್ಲಿ ಆ ಸೋಲಿನ ಉತ್ತರವಿತ್ತು. ಕೋಚ್ ಕ್ರೇಗ್ ಫುಲ್ಟನ್ ಅವರನ್ನು ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಇಂಡಿಯಾ ಮುಂದುವರಿಸಿತು. ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಭಾರತ ಕೊರಿಯಾವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದು, 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಸಣ್ಣ ಲೆಕ್ಕ ಎಂದಾಗ ನನಗೆ ನೆನಪಾಗುವುದು ಬೆಂಗಳೂರಿನ ಸಾಯ್, ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರದ, ಕೇಂದ್ರದ ಒಂದು ಬೆಳಗು. ರಾಷ್ಟ್ರೀಯ ಶಿಬಿರಗಳು ವರ್ಷದ ಬಹುಭಾಗ ಅಲ್ಲೇ ನಡೆಯುತ್ತವೆ. ಅಭ್ಯಾಸಕ್ಕೆ ಮುಂಚೆ ಟರ್ಫ್‌ಗೆ ನೀರು ಹಾಯಿಸುತ್ತಾರೆ. ಚೆಂಡು ಉರುಳಿದಲ್ಲೆಲ್ಲ ಅದರ ಹಿಂದೆ ನೀರಿನ ಬಿಳಿ ಗೆರೆ ಏಳುತ್ತದೆ. ಪೆನಾಲ್ಟಿ ಕಾರ್ನರ್ ಅಭ್ಯಾಸ ನಡೆಯುತ್ತಿತ್ತು. ಒಬ್ಬ ಗೋಲ್‌ಗೆರೆಯ ಬದಿಯಿಂದ ಚೆಂಡನ್ನು ತಳ್ಳುತ್ತಾನೆ, ಇನ್ನೊಬ್ಬ ಗೋಲ್ ಮುಂದಿನ ಅರ್ಧವೃತ್ತದ, ಅಂದರೆ ಡಿ ಗೆರೆಯ ಹೊರಗೆ ಕೋಲು ಮಲಗಿಸಿ ಅದನ್ನು ನಿಲ್ಲಿಸುತ್ತಾನೆ, ಮತ್ತೊಬ್ಬ ಬಾಗಿ, ಚೆಂಡನ್ನು ಕೋಲಿನ ಗೂಡಿನಲ್ಲಿ ಎಳೆದುಕೊಂಡು ಬಂದು ಗೋಲ್‌ನತ್ತ ಬೀಸುತ್ತಾನೆ. ಇವೆಲ್ಲವೂ ಎರಡು ಸೆಕೆಂಡಿನೊಳಗೆ. ಎದುರಿನಿಂದ ಮೊದಲು ನುಗ್ಗುವ ರಕ್ಷಣಾ ಆಟಗಾರ ಆ ಬೀಸಿಗೆ ಮೈಯೊಡ್ಡಲು ಓಡಿ ಬರುತ್ತಾನೆ. ಅಂದು ಬೀಸುಗಳು ಮತ್ತೆ ಮತ್ತೆ ಗುರಿ ತಪ್ಪುತ್ತಿದ್ದವು. ತಪ್ಪು ಬೀಸುವವನದು ಎಂದೇ ನಾನು ಬಗೆದಿದ್ದೆ. ತರಬೇತುದಾರರು ಅವನನ್ನು ಬಿಟ್ಟು ಚೆಂಡು ನಿಲ್ಲಿಸುವವನ ಬಳಿ ಹೋಗಿ, ಮಂಡಿಯೂರಿ, ಅವನ ಕೋಲನ್ನು ಒಂದು ಗೇಣು ಈಚೆಗೆ ಸರಿಸಿದರು. ಚೆಂಡು ನಿಲ್ಲುವ ಜಾಗ ಸರಿಯಾಯಿತು, ಮುಂದಿನ ಬೀಸು ಗೋಲಿನ ಹಲಗೆಗೆ ಬಡಿದು ಸದ್ದು ಮಾಡಿತು. ಯಾರ ಮೇಲೂ ಕೂಗಾಡಿದ್ದಿಲ್ಲ. ಆಡಳಿತ ಮಂಡಳಿಯ ಸಭೆಗಳಲ್ಲಿ ಆ ಒಂದು ಗೇಣಿನ ತಾಳ್ಮೆ ಇದ್ದಿದ್ದರೆ ಎಷ್ಟು ವರ್ಷಗಳು ಉಳಿಯುತ್ತಿದ್ದವೋ.

ಏಕೆಂದರೆ ನಮ್ಮಲ್ಲಿ ಸೋಲಿಗೆ ಸಿದ್ಧ ಔಷಧ ಒಂದೇ ಇತ್ತು, ಕೋಚ್ ಬದಲಿಸುವುದು. 2011ರಲ್ಲಿ ಮೈಕಲ್ ನಾಬ್ಸ್ ಬಂದರು, 2013ರಲ್ಲಿ ಹೋದರು. ಟೆರ್ರಿ ವಾಲ್ಷ್ 2014ರಲ್ಲಿ ಇಂಚಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆಲ್ಲಿಸಿಕೊಟ್ಟು ಅದೇ ವರ್ಷ ನಿರ್ಗಮಿಸಿದರು. ಪಾಲ್ ವಾನ್ ಆಸ್ ಕೆಲವೇ ತಿಂಗಳು ಇದ್ದರು. ರೋಲಂಟ್ ಓಲ್ಟಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್ ಒಬ್ಬರ ಹಿಂದೊಬ್ಬರು ಬಂದರು. 2018ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ 2–1ರಿಂದ ಸೋತ ಮೇಲೆ ಹರೇಂದ್ರರೂ ಆ ಹುದ್ದೆಯಿಂದ ಹೊರಬಿದ್ದರು. ಪ್ರತಿ ಕೋಚ್ ತನ್ನದೇ ಆಟದ ಕ್ರಮ ತರುತ್ತಾರೆ. ಹುಡುಗರು ಒಂದನ್ನು ಕಲಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ಮರೈನ್ ಅವರದು ಇನ್ನೂ ವಿಚಿತ್ರವಾದ ಪ್ರಸಂಗ: ಮಹಿಳಾ ತಂಡದ ಕೋಚ್ ಆಗಿದ್ದವರನ್ನು 2017ರಲ್ಲಿ ಪುರುಷರ ತಂಡಕ್ಕೆ ತಂದರು, ಮರುವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪದಕ ಬಾರದಿದ್ದಾಗ ಮಹಿಳೆಯರ ತಂಡಕ್ಕೆ ಹಿಂದಿರುಗಿಸಿದರು. ಟೋಕಿಯೊದಲ್ಲಿ ಅವರ ಮಹಿಳಾ ತಂಡ ಮೊದಲ ಮೂರು ಪಂದ್ಯಗಳನ್ನು ಸೋತಿತ್ತು, ಮೊದಲನೆಯದನ್ನು ನೆದರ್ಲೆಂಡ್ಸ್ ಎದುರು 5–1ರಿಂದ. ಆ ಹೊತ್ತಿಗೆ ಯಾರೂ ಆ ತಂಡವನ್ನು ಕೆದಕಲಿಲ್ಲ. ಐರ್ಲೆಂಡನ್ನು, ದಕ್ಷಿಣ ಆಫ್ರಿಕಾವನ್ನು ಸೋಲಿಸಿ, ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1–0ರಿಂದ ಮಣಿಸಿ, ಅವರು ನಾಲ್ಕನೆಯ ಸ್ಥಾನದವರೆಗೆ ನಡೆದರು. ಆ ದಿನಗಳಲ್ಲಿ ಬೆಳಗಿನ ಕಾಫಿ ಆರಿಹೋದದ್ದೂ ತಿಳಿಯದೆ ಟಿವಿ ಮುಂದೆ ಕುಳಿತವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯೋ.

ಹಾಗಾದರೆ ಕೋಚ್ ಬದಲಿಸಲೇಬಾರದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರವಾಗಿ ಅಮೆರಿಕದ ವೃತ್ತಿಪರ ಐಸ್ ಹಾಕಿಯ ಒಂದು ತಂಡದ ಕಥೆ ಇದೆ. ಸೇಂಟ್ ಲೂಯಿಸ್ ಬ್ಲೂಸ್ ತಂಡ 2018ರ ನವೆಂಬರ್‌ನಲ್ಲಿ ಕೋಚ್ ಮೈಕ್ ಯೋ ಅವರನ್ನು ತೆಗೆದು ಕ್ರೇಗ್ ಬೆರೂಬೆ ಅವರಿಗೆ ತಾತ್ಕಾಲಿಕ ಹೊಣೆ ಕೊಟ್ಟಿತು. ಹಾಗೆ ಬದಲಿಸಿದ ಮೇಲೂ 2019ರ ಜನವರಿ ಆರಂಭದಲ್ಲಿ ಅದು ಲೀಗ್‌ನ 31 ತಂಡಗಳಲ್ಲಿ ಕೊನೆಯದಾಗಿತ್ತು. ಪ್ರಮುಖ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಹೊಸದಾಗಿ ಕಟ್ಟುವುದೇ ಲೇಸು ಎಂಬ ಮಾತು ಎಲ್ಲೆಡೆ ಹರಡಿತ್ತು. ಜನರಲ್ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ ತಂಡದ ತಿರುಳನ್ನು ಕದಲಿಸಲಿಲ್ಲ. ಕೆಳಗಿನ ಲೀಗ್‌ನಲ್ಲಿ ಆಡುತ್ತಿದ್ದ ಜೋರ್ಡನ್ ಬಿನಿಂಗ್ಟನ್ ಎಂಬ ಗೋಲ್‌ಕೀಪರ್‌ಗೆ ಅವಕಾಶ ಸಿಕ್ಕಿತು. ಆರಂಭದಿಂದ ಆಡಿದ ಮೊದಲ ಪಂದ್ಯದಲ್ಲೇ ಆತ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಜೂನ್ 12ರಂದು ಬೋಸ್ಟನ್ ತಂಡವನ್ನು ಫೈನಲ್ ಸರಣಿಯ ಏಳನೆಯ ಪಂದ್ಯದಲ್ಲಿ ಸೋಲಿಸಿ ಬ್ಲೂಸ್ ಆ ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದಿತು. 1967ರಿಂದ ಆಡುತ್ತಿದ್ದ ಆ ತಂಡಕ್ಕೆ ಅದು ಮೊಟ್ಟಮೊದಲ ಕಪ್. ಅಂದರೆ ಬದಲಾವಣೆ ಬೇಕಾಗುತ್ತದೆ, ನಿಜ. ಆದರೆ ಒಂದನ್ನು ಬದಲಿಸಿದವರು ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು ಮತ್ತು ಬದಲಾವಣೆ ಫಲ ಕೊಡುವವರೆಗೆ ಕಾದರು.

ಯಾರನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ನಮ್ಮಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ ಆರೂ ಪಂದ್ಯಗಳನ್ನು ಸೋತು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಇದ್ದರು. ಮನೆಗೆ ಬಂದವರಿಗೆ ಬೈಗುಳ ಕಾದಿತ್ತು, ಇಡೀ ತಂಡವನ್ನೇ ಗುಡಿಸಿ ಹಾಕಿ ಎಂದವರಿಗೆ ಲೆಕ್ಕವಿಲ್ಲ. ಅದೇ ತಂಡದಲ್ಲಿ ಪಿ.ಆರ್. ಶ್ರೀಜೇಶ್ ಎಂಬ ಗೋಲ್‌ಕೀಪರ್, ಮನ್‌ಪ್ರೀತ್ ಸಿಂಗ್ ಎಂಬ ಇಪ್ಪತ್ತರ ಹುಡುಗ, ಬೀರೇಂದ್ರ ಲಾಕ್ರಾ ಎಂಬ ರಕ್ಷಣಾ ಆಟಗಾರ ಕೂಡ ಇದ್ದರು. ಟೋಕಿಯೊದಲ್ಲಿ 7–1ರ ಸೋಲು ಕಂಡ ತಂಡದಲ್ಲಿ ಈ ಮೂವರೂ ಇದ್ದರು. ಮನ್‌ಪ್ರೀತ್ ನಾಯಕರು, ಲಾಕ್ರಾ ಉಪನಾಯಕರಲ್ಲೊಬ್ಬರು. ಕಟ್ಟಕಡೆಯ ಸ್ಥಾನವನ್ನು ಕಂಡು ಬಂದವರಿಗೆ ಏಳು ಗೋಲು ಪ್ರಳಯವಾಗಿ ಕಂಡಿರಲಾರದು. ಎರಡು ದಿನ ಬಿಟ್ಟು ಅವರು ಸ್ಪೇನ್ ತಂಡವನ್ನು 3–0ರಿಂದ ಸೋಲಿಸಿದರು. ಆಗಸ್ಟ್ 5ರಂದು ಜರ್ಮನಿಯ ಎದುರು 3–1ರಿಂದ ಹಿಂದಿದ್ದು 5–4ಕ್ಕೆ ಏರಿ, ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ಅನ್ನು ಶ್ರೀಜೇಶ್ ತಡೆದಾಗ, 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಬಂತು.

ಕೆಲವೊಮ್ಮೆ ಬದಲಾಗಬೇಕಾದದ್ದು ಆಡಳಿತವೇ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು ಸೋತು ಬೀಜಿಂಗ್ ಒಲಿಂಪಿಕ್ಸ್‌ನ ಅರ್ಹತೆಯನ್ನೇ ಕಳೆದುಕೊಂಡಾಗ, 1928ರಿಂದ ಮೊದಲ ಬಾರಿಗೆ ಭಾರತವಿಲ್ಲದ ಒಲಿಂಪಿಕ್ ಹಾಕಿ ನಡೆಯಿತು. ಕೋಚ್ ವಾಕಿಂ ಕಾರ್ವಾಲೊ ರಾಜೀನಾಮೆ ಕೊಟ್ಟರು. 1994ರಿಂದ ಭಾರತೀಯ ಹಾಕಿ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಕೆ.ಪಿ.ಎಸ್. ಗಿಲ್ ಅವರು ಕುರ್ಚಿ ಬಿಡಲು ಒಪ್ಪಲಿಲ್ಲ. ಕೊನೆಗೆ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಆ ಫೆಡರೇಷನ್ನನ್ನು ಬದಿಗೆ ಸರಿಸಬೇಕಾಯಿತು. ಆಟಗಾರನ ಲೆಕ್ಕ ಕೇಳುವ ಮೊದಲು ಶಿಬಿರಕ್ಕೆ ಎಷ್ಟು ದಿನ ಕೊಟ್ಟೆವು, ವಿದೇಶಿ ತಂಡಗಳ ಜೊತೆ ಎಷ್ಟು ಪಂದ್ಯ ಆಡಿಸಿದೆವು, ಆಯ್ಕೆಯಲ್ಲಿ ಯಾರ ಮಾತು ನಡೆಯಿತು ಎಂಬ ಲೆಕ್ಕವನ್ನು ಮಂಡಳಿ ತಾನೇ ಮುಂದಿಡಬೇಕು ಎಂಬುದು ನನ್ನ ದೃಢವಾದ ನಂಬಿಕೆ. 2018ರಲ್ಲಿ ಒಡಿಶಾ ಸರ್ಕಾರ ರಾಷ್ಟ್ರೀಯ ಹಾಕಿ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡು, ಅದೇ ವರ್ಷ ತನ್ನ ಊರಿನಲ್ಲೇ ವಿಶ್ವಕಪ್ ಕೈತಪ್ಪಿದಾಗಲೂ ಬೆನ್ನು ತಿರುಗಿಸದೆ ಉಳಿದದ್ದು ಈ ದೃಷ್ಟಿಯಿಂದ ಬಹಳ ದೊಡ್ಡ ಸಂಗತಿ.

ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೌಟುಂಬಿಕ ಹಾಕಿ ಹಬ್ಬವನ್ನು ಕಂಡವರಿಗೆ ಸೋತಾಗಲೂ ಬೆನ್ನು ತಿರುಗಿಸದಿರುವುದು ಹೊಸ ವಿಷಯವಲ್ಲ. ನೂರಾರು ಒಕ್ಕಗಳು, ಅಂದರೆ ಮನೆತನಗಳು, ತಂಡ ಕಟ್ಟಿಕೊಂಡು ಬರುತ್ತವೆ, ಗೆಲ್ಲುವುದು ಒಂದೇ. ಮೊದಲ ಸುತ್ತಿನಲ್ಲೇ ಸೋತ ಮನೆತನ ಮರುವರ್ಷವೂ ಅಜ್ಜನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದು ಹೆಸರು ಬರೆಸುತ್ತದೆ.

ಇನ್ನೊಂದು ಮಾತು ಹೇಳಬೇಕಾಗಿದೆ, ಅದು ಗೆದ್ದ ದಿನದ ಬಗ್ಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ತಂಡವನ್ನು 2–1ರಿಂದ ಸೋಲಿಸಿ ಭಾರತ ಮತ್ತೆ ಕಂಚು ಗೆದ್ದಿತು. ಶ್ರೀಜೇಶ್ ಅಲ್ಲೇ ನಿವೃತ್ತರಾದರು. ಆ ಕೂಟದಲ್ಲಿ ಭಾರತ ಹೊಡೆದ ಹದಿನೈದು ಗೋಲುಗಳಲ್ಲಿ ಹತ್ತು ನಾಯಕ ಹರ್ಮನ್‌ಪ್ರೀತ್ ಸಿಂಗ್ ಒಬ್ಬರವೇ, ಅವೂ ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದ ಬಂದವು. ಉಳಿದ ಐದೇ ಗೋಲುಗಳು ಇತರರ ಪಾಲಿನವು. ಪದಕದ ಮೆರವಣಿಗೆ ಮುಗಿದ ಮರುದಿನ ಆಡಳಿತ ನಡೆಸುವವರ ಮೇಜಿನ ಮೇಲೆ ಇರಬೇಕಾದದ್ದು ಈ ಲೆಕ್ಕ: ಹರ್ಮನ್‌ಪ್ರೀತ್ ಗಾಯಗೊಂಡ ದಿನ ಆ ಕೋಲನ್ನು ಹಿಡಿದು ಡಿ ಗೆರೆಯ ಮುಂದೆ ನಿಲ್ಲುವ ಹುಡುಗ ಈಗ ಯಾವ ಊರಿನ ಯಾವ ಟರ್ಫ್ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ, ಅವನಿಗೆ ಚೆಂಡು ನಿಲ್ಲಿಸಿಕೊಡುವವನು ಯಾರು, ಆ ಇಬ್ಬರನ್ನೂ ಯಾರು ನೋಡಿಕೊಳ್ಳುತ್ತಿದ್ದಾರೆ?

ನಮಸ್ಕಾರ.