ಕೈಬಿಟ್ಟಂತೆ ಕಂಡ ಆಟ

ಕೇಳುಗರಿಗೆ ನಮಸ್ಕಾರ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಶಾಲೆಗಳಲ್ಲಿ ಚದುರಂಗ ಕಲಿಯುತ್ತಿರುವ ಮಕ್ಕಳಲ್ಲಿ ಹಲವರು ರಾಣಿ ಹೋದೊಡನೆ ಕೈಚೆಲ್ಲಿ ಕಾಯಿಗಳನ್ನು ಡಬ್ಬಿಗೆ ತುಂಬಿಬಿಡುತ್ತಾರೆ. ಇದು ಅವಸರದ ತೀರ್ಮಾನವೆಂದು ನನ್ನ ದೃಢವಾದ ಅಭಿಪ್ರಾಯ. ರಾಣಿಯ ಬೆಲೆ 9, ಆನೆಯದು 5, ಒಂಟೆ ಮತ್ತು ಕುದುರೆಗೆ ತಲಾ 3, ಕಾಲಾಳಿಗೆ 1 ಎಂಬ ಲೆಕ್ಕ ಸರಿಯೇ. ಆದರೆ ಎದುರಿಗೆ ಕುಳಿತವರೂ ಕಲಿಯುತ್ತಿರುವವರೇ ಆಗಿರುವಾಗ ಆ ಲೆಕ್ಕವನ್ನು ಗೆಲುವಾಗಿ ಮಾರ್ಪಡಿಸುವ ಕಷ್ಟದ ಕೆಲಸ ಅವರಿಗೆ ಇನ್ನೂ ಬಾಕಿ ಇರುತ್ತದೆ.

ಬೇಸಿಗೆ ರಜೆಯಲ್ಲಿ ಗಂಗಾವತಿಯಲ್ಲಿ ನೋಡಿದ ಒಂದು ಆಟವನ್ನು ಹೇಳುತ್ತೇನೆ. ಬಿಳಿ ಕಾಯಿಗಳ ಹುಡುಗಿ ಆರಂಭದಲ್ಲೇ ರಾಣಿಯನ್ನು ಕಳೆದುಕೊಂಡಿದ್ದಳು. ಎದುರಾಳಿಯ ರಾಜ ಕ್ಯಾಸ್ಲಿಂಗ್ ಮಾಡಿಕೊಂಡು, ಅಂದರೆ ಒಂದೇ ನಡೆಯಲ್ಲಿ ಆನೆಯನ್ನು ದಾಟಿಸಿ ಬದಿಗೆ ಸರಿದು, ಕದಲದ ಮೂರು ಕಾಲಾಳುಗಳ ಹಿಂದೆ ನಿಂತಿದ್ದ. ಗೆದ್ದೆನೆಂಬ ಧೈರ್ಯದಲ್ಲಿ ಆ ಹುಡುಗ ರಾಣಿಯನ್ನು ಮೂಲೆಯ ಕಾಲಾಳುಗಳನ್ನು ಹೊಡೆಯಲು ಕಳಿಸಿದ. ಕೊನೆಯ ಅಡ್ಡಸಾಲನ್ನು ಕಾಯುತ್ತಿದ್ದ ಆನೆಯನ್ನೂ ಅದೇ ಆಸೆಗೆ ಮುಂದೆ ತಂದ. ಹುಡುಗಿ ಪ್ರತಿ ನಡೆಗೂ ಮುಂಚೆ ಅವನ ರಾಜನ ಸುತ್ತಲಿನ ಮನೆಗಳನ್ನು ನೋಡುತ್ತಿದ್ದಳು. ನಡುವಿನ ತೆರೆದ ನೇರಸಾಲಿನಲ್ಲಿದ್ದ ಅವಳ ಆನೆ ಕೊನೆಯ ಸಾಲಿಗೆ ಇಳಿದಾಗ ರಾಜನಿಗೆ ತಪ್ಪಿಸಿಕೊಳ್ಳುವ ಮನೆಯೇ ಇರಲಿಲ್ಲ, ಏಕೆಂದರೆ ದಾರಿ ಕಟ್ಟಿದ್ದವು ಅವನದೇ ಕಾಲಾಳುಗಳು.

ಹಿಂದೆ ಬಿದ್ದವರು ಕಾಯಿಗೆ ಕಾಯಿ ಹೊಡೆದುಕೊಳ್ಳುತ್ತ ಹೋಗಬಾರದು. ಹಲಗೆ ಬರಿದಾದಷ್ಟೂ ಮುಂದಿರುವವರಿಗೆ ಅನುಕೂಲ; ಆನೆ, ಕುದುರೆಗಳು ಉಳಿದಷ್ಟೂ ಅವರು ಯೋಚಿಸಬೇಕಾದ ಅಪಾಯಗಳು ಹೆಚ್ಚು. ಕಾಲಾಳಿಗೆ ಕಾಲಾಳನ್ನು ಬಿಟ್ಟುಕೊಡಬಹುದು, ಏಕೆಂದರೆ ರಾಣಿಯಾಗಿ ಬಡ್ತಿ ಪಡೆಯುವ ಕಾಲಾಳು ಎದುರಾಳಿಗೆ ಉಳಿಯದಿದ್ದರೆ ಅವರ ಗೆಲುವೂ ಕಠಿಣವಾಗುತ್ತದೆ. ರಾಜನೊಬ್ಬನೇ ಉಳಿದರೂ ಸ್ಟೇಲ್‌ಮೇಟ್ ಇದೆ: ರಾಜನಿಗೆ ಚೆಕ್, ಅಂದರೆ ನೇರ ದಾಳಿ, ಇಲ್ಲದೆ, ನಡೆಸಲು ನಿಯಮಬದ್ಧ ನಡೆಯೂ ಇಲ್ಲದಿದ್ದರೆ ಆಟ ಸಮ, ತಲಾ ಅರ್ಧ ಅಂಕ. ಹೊಸಬರು ರಾಣಿಯಿಂದ ಒಂಟಿ ರಾಜನನ್ನು ಮೂಲೆಗೆ ಒತ್ತುವಾಗ ಹೀಗಾಗುವುದು ಅಪರೂಪವಲ್ಲ.

ದೊಡ್ಡವರ ಆಟದಲ್ಲೂ ಈ ಛಲಕ್ಕೆ ಬೆಲೆಯಿದೆ. 2025ರ ಜೂನ್ 1ರಂದು ನಾರ್ವೆಯ ಸ್ಟಾವಾಂಗರ್‌ನಲ್ಲಿ ನಮ್ಮ ವಿಶ್ವ ಚಾಂಪಿಯನ್ ಡಿ. ಗುಕೇಶ್, ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಬಹಳ ಹೊತ್ತು ಸೋಲಿನ ಅಂಚಿನಲ್ಲಿದ್ದರು. ಅವರು ಬಿಟ್ಟುಕೊಡದೆ ಒಂದೊಂದೇ ಗಟ್ಟಿ ನಡೆ ಹುಡುಕುತ್ತ ಹೋದರು. ಗಡಿಯಾರದ ಒತ್ತಡದಲ್ಲಿದ್ದ ಕಾರ್ಲ್‌ಸನ್ 52ನೆಯ ನಡೆಯಲ್ಲಿ ಕುದುರೆಯಿಂದ ಕೊಟ್ಟ ಚೆಕ್ಕೇ ಪ್ರಮಾದವಾಗಿ, ದೀರ್ಘಾವಧಿಯ ಆಟದಲ್ಲಿ ಅವರ ಮೇಲೆ ಗುಕೇಶ್‌ಗೆ ಮೊದಲ ಗೆಲುವು ದಕ್ಕಿತು.

ಹೀಗೆ ಗೆದ್ದ ಮಕ್ಕಳಿಗೆ ನನ್ನದೊಂದು ಕೋರಿಕೆ. ನಡೆಗಳನ್ನು ಬರೆದಿಟ್ಟಿದ್ದರೆ, ಸೋತ ಗೆಳೆಯನನ್ನೂ ಕೂರಿಸಿಕೊಂಡು ಆಟವನ್ನು ಮೊದಲಿನಿಂದ ಮತ್ತೆ ಆಡಿ ನೋಡಿ. ರಾಣಿ ಹೋದ ನಡೆಗೆ ಬಂದಾಗ ಅಲ್ಲಿಯೇ ನಿಲ್ಲಿಸಿ, ಅದರ ಬದಲು ಯಾವ ನಡೆ ಇತ್ತೆಂದು ಇಬ್ಬರೂ ಸೇರಿ ಹುಡುಕಿ. ನಮಸ್ಕಾರ.