ಚಿಕ್ಕ ಗಡಿಯಾರದ ಫ್ಲ್ಯಾಶ್ ಮಾಬ್ ಮತ್ತು ಒಂದು ಹಗ್ಗ

ನಮಸ್ಕಾರ. ಈ ವಿಡಿಯೋದಲ್ಲಿ ಈಗ ಕಾಣುತ್ತಿರುವುದು ಮೈಸೂರಿನ ಚಿಕ್ಕ ಗಡಿಯಾರ ಎಂಬ ಗಡಿಯಾರ ಗೋಪುರ, ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಕಾಲೇಜೊಂದರ ವಿದ್ಯಾರ್ಥಿಗಳು ಮತದಾನದ ಜಾಗೃತಿಗಾಗಿ ಇಲ್ಲಿ ಫ್ಲ್ಯಾಶ್ ಮಾಬ್ ನಡೆಸುತ್ತಿದ್ದಾರೆ. ಫ್ಲ್ಯಾಶ್ ಮಾಬ್ ಎಂದರೆ ನೋಡುವವರಿಗೆ ಸುಳಿವೇ ಕೊಡದೆ ಸಾರ್ವಜನಿಕ ಜಾಗದಲ್ಲಿ ದಿಢೀರನೆ ಸೇರಿ, ಏನೋ ಒಂದು ಮಾಡಿ ಚದುರಿಹೋಗುವ ಗುಂಪು. ಸಮಯ, ಸ್ಥಳ, ಅತಿಥಿಗಳ ಹೆಸರು ಎಲ್ಲವನ್ನೂ ಬ್ಯಾನರಿನಲ್ಲಿ ಅಚ್ಚು ಹಾಕಿಸಿರುವುದರಿಂದ ಇದನ್ನು ಫ್ಲ್ಯಾಶ್ ಮಾಬ್ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 2003ರಲ್ಲಿ ನ್ಯೂಯಾರ್ಕಿನ ಬಿಲ್ ವಾಸಿಕ್ ಎಂಬ ಪತ್ರಿಕಾ ಸಂಪಾದಕರು ಇದನ್ನು ಹುಟ್ಟುಹಾಕಿದಾಗ, ಸುದ್ದಿ ಮೊದಲೇ ಸೋರಿದ್ದರಿಂದ ಮೊದಲ ಪ್ರಯತ್ನವೇ ಕೆಟ್ಟಿತ್ತು. ಎರಡನೆಯ ಸಲ ಮೇಸೀಸ್ ಮಳಿಗೆಯ ಒಂದು ಜಮಖಾನದ ಸುತ್ತ ನೂರಕ್ಕೂ ಹೆಚ್ಚು ಜನ ನೆರೆದು, ಸ್ವಲ್ಪ ಹೊತ್ತಿನಲ್ಲೇ ಚದುರಿಹೋದರು. ಅಲ್ಲಿ ಕುಣಿತವೇ ಇರಲಿಲ್ಲ.

ಆದರೂ ಬ್ಯಾನರನ್ನು ದೂರುವುದು ಪೂರ್ತಿ ನ್ಯಾಯವಲ್ಲವೇನೋ. 2011ರ ನವೆಂಬರಿನಲ್ಲಿ ಮುಂಬೈನ ಸಿ.ಎಸ್.ಟಿ. ರೈಲು ನಿಲ್ದಾಣದಲ್ಲಿ ಸುಮಾರು 200 ಮಂದಿ ಕುಣಿದದ್ದು ಕೂಡ ಅನುಮತಿ ಪಡೆದು, ತಾಲೀಮು ಮಾಡಿಕೊಂಡೇ. ಅಲ್ಲಿ ಕುಣಿಯುವವರು ಪ್ರಯಾಣಿಕರ ನಡುವೆಯೇ ನಿಂತಿದ್ದರು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದವರು ಇದ್ದಕ್ಕಿದ್ದಂತೆ ಹೆಜ್ಜೆ ಹಾಕತೊಡಗಿದರೆ, ನೋಡುವವರಿಗೆ ತಾವೂ ಕಾಲು ಆಡಿಸಬಹುದೆಂಬ ಧೈರ್ಯ ಬರುತ್ತದೆ.

ಇಲ್ಲಿ ನನ್ನ ಸಿಟ್ಟಿಗೆ ಕಾರಣ ಈ ಹಗ್ಗ. ಗಾಡಿಗಳು ನುಗ್ಗದಂತೆ ರಸ್ತೆಯ ಬದಿಗೆ ಕಟ್ಟಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಇವರು ಅದನ್ನು ಜನರ ಎದೆಯ ಮಟ್ಟಕ್ಕೆ ಸುತ್ತಲೂ ಹಿಡಿದು ನಿಂತಿದ್ದಾರೆ. ಮೈಕಿನಲ್ಲಿ "ಬನ್ನಿ, ಎಲ್ಲರೂ ಸೇರಿಕೊಳ್ಳಿ" ಎಂಬ ಕರೆ ಬರುತ್ತಿದೆ, ಹಗ್ಗ ಹಿಡಿದವರೋ ಬಂದವರನ್ನು ಹಿಂದಕ್ಕೆ ತಳ್ಳುತ್ತಿದ್ದಾರೆ. ಮಲ್ಲಿಗೆ ಮಾರುವ ಅಜ್ಜಿಯೊಬ್ಬರು ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು ಬಂದರು. "ಅಜ್ಜಿ, ಹಿಂದೆ ನಿಂತ್ಕೊಳ್ಳಿ, ವಿಡಿಯೋದಲ್ಲಿ ಅಡ್ಡ ಬರುತ್ತೆ" ಎಂದು ಒಬ್ಬ ಹುಡುಗ ತಡೆದ. "ಕರೆದೋರೂ ನೀವೇ, ತಡೆಯೋರೂ ನೀವೇನಾ ಮಗಾ?" ಎಂದು ಅವರು ಕೇಳಿದ್ದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿಯೇ ಇದೆ. ಹುಡುಗನ ಬಳಿ ಉತ್ತರವಿರಲಿಲ್ಲ. ಹಗ್ಗದ ಈಚೆ ಉಳಿದವರಿಗೆ ಮೊಬೈಲ್ ಎತ್ತಿ ಹಿಡಿಯುವುದನ್ನು ಬಿಟ್ಟು ಬೇರೆ ಯಾವ ಕೆಲಸವಿದೆ? ಜನ ಭಾಗವಹಿಸುವುದಿಲ್ಲ ಎಂದು ಸಂಘಟಕರು ಆಮೇಲೆ ಗೊಣಗಿದರೆ ನಾನಂತೂ ಕೇಳಿಸಿಕೊಳ್ಳುವುದಿಲ್ಲ.

ಹೆಜ್ಜೆಗಳ ಆಯ್ಕೆಯಲ್ಲೂ ಇದೇ ತೊಂದರೆ. ಪಲ್ಟಿ ಹೊಡೆಯುವವರನ್ನು ನೋಡಿ ಯಾರೂ ಒಳಗೆ ಕಾಲಿಡುವುದಿಲ್ಲ. ಎಂಟು ಎಣಿಕೆಯ ಸುಲಭದ ಹೆಜ್ಜೆಯೊಂದು ಮತ್ತೆ ಮತ್ತೆ ಬರಬೇಕು. ಜಾತ್ರೆಯಲ್ಲಿ ತಮಟೆಯ ಮುಂದೆ ಕುಣಿಯುವವರಿಗೆ ಯಾರೂ ತರಗತಿ ನಡೆಸುವುದಿಲ್ಲ. ಈಗ ನೋಡಿ, ಕೊನೆಯ ಹಾಡಿಗೆ ತಮಟೆಯ ಪೆಟ್ಟು ಬಿದ್ದೊಡನೆ ಹಗ್ಗ ಹಿಡಿದ ಹುಡುಗನೇ ಅದನ್ನು ಕೈಬಿಟ್ಟು ಕುಣಿಯತೊಡಗಿದ, ಅಜ್ಜಿ ಅವನನ್ನು ದಾಟಿಕೊಂಡು ಒಳಗೆ ಹೋದರು. ಹಾಡು ಮುಗಿಯುವವರೆಗೆ ಇದು ನಿಜಕ್ಕೂ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅನಂತರ ಸ್ವಾಗತ ಭಾಷಣ, ಅತಿಥಿಗಳ ನುಡಿ, ವಂದನಾರ್ಪಣೆ ಎಲ್ಲವೂ ನಡೆದವು, ಅವನ್ನು ಕತ್ತರಿಸಿದ್ದೇನೆ.