ನಾರ್ಫೋಕ್‌ನ ನದಿಗಳಿಗೆ ಎಂಥ ಹಾಯಿದೋಣಿ?

ಕೇಳುಗರಿಗೆ ನಮಸ್ಕಾರ.

ಈಗ ನಮ್ಮಲ್ಲಿ ಎಷ್ಟೋ ಮನೆಗಳಿಂದ ಅಪ್ಪ ಅಮ್ಮ ಬೇಸಿಗೆಗೆ ಇಂಗ್ಲೆಂಡಿಗೆ ಹೋಗುತ್ತಾರೆ. ಮಗನೋ ಮಗಳೋ ಅಲ್ಲಿರುತ್ತಾರೆ. ಮೊದಲ ವಾರ ಲಂಡನ್. ಆಮೇಲೆ ಬಸ್ಸಿನಲ್ಲಿ ಒಂದು ಸ್ಕಾಟ್ಲೆಂಡ್ ಪ್ರವಾಸ. ಉಳಿದ ದಿನವೆಲ್ಲ ಮೊಮ್ಮಕ್ಕಳ ಶಾಲೆ, ಸೂಪರ್ ಮಾರ್ಕೆಟ್ಟು, ಮತ್ತೆ ಮನೆ. ಅಂಥ ಮನೆಯವರಿಗೆಲ್ಲ ಇವತ್ತು ಒಂದು ಬೇರೆ ರಜೆಯ ವಿಷಯ ಹೇಳುತ್ತೇನೆ. ಒಂದು ಮರದ ಹಾಯಿದೋಣಿ ಬಾಡಿಗೆಗೆ ತಗೊಂಡು, ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು, ನದಿಯ ಮೇಲೆ ನಾಲ್ಕಾರು ದಿನ ಕಳೆಯುವ ರಜೆ.

ಜಾಗದ ಹೆಸರು ಬ್ರಾಡ್ಸ್. ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಮತ್ತು ಸಫೋಕ್ ಜಿಲ್ಲೆಗಳಲ್ಲಿದೆ. ಲಂಡನ್ನಿನಿಂದ ನಾರಿಚ್‌ಗೆ ರೈಲಿನಲ್ಲಿ ಎರಡು ಗಂಟೆ ಹತ್ತಿರ. ಅಲ್ಲಿಂದ ಇನ್ನೊಂದು ಚಿಕ್ಕ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ರಾಕ್ಸಮ್. ಬ್ಯೂರ್, ಆಂಟ್, ಥರ್ನ್ ಅನ್ನುವ ಮೂರು ನದಿ ಉತ್ತರದಲ್ಲಿ. ಯೇರ್, ವೇವ್ನಿ, ಚೆಟ್ ದಕ್ಷಿಣದಲ್ಲಿ. ಈ ನದಿಗಳ ಪಕ್ಕಕ್ಕೆ ಅಲ್ಲಲ್ಲಿ ಆಳವಿಲ್ಲದ ಕೆರೆಗಳಿವೆ. ಒಟ್ಟು ಸುಮಾರು 200 ಕಿಲೋಮೀಟರ್ ನೀರದಾರಿ, ದೋಣಿಯನ್ನು ಏರಿಸಿ ಇಳಿಸುವ ಲಾಕ್ ಬಾಗಿಲಿನ ಮುಂದೆ ಒಂದು ಕಡೆಯೂ ಕಾಯಬೇಕಾಗಿಲ್ಲ.

ಈ ಕೆರೆಗಳ ಕಥೆ ಚೆನ್ನಾಗಿದೆ. ಬಹಳ ಕಾಲ ಎಲ್ಲರೂ ಇವು ತಾನಾಗಿ ಆದ ಕೆರೆಗಳು ಅಂತಲೇ ತಿಳಿದಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಅನ್ನುವ ಸಸ್ಯವಿಜ್ಞಾನಿ ಕೆರೆಗಳ ತಳವನ್ನು ಕೊರೆದು ನೋಡಿದರು. ದಡ ನೆಟ್ಟಗೆ ಗೋಡೆಯ ಹಾಗೆ ಇಳಿದಿತ್ತು, ತಳ ಸಮತಟ್ಟಾಗಿತ್ತು. ತಾನಾಗಿ ಆದ ಕೆರೆ ಹಾಗಿರುವುದಿಲ್ಲ ಅಲ್ವಾ? ಮಧ್ಯಯುಗದಲ್ಲಿ ಜನ ಒಲೆ ಉರಿಸಲು ಪೀಟ್ ಅನ್ನುವ ಮಣ್ಣನ್ನು ಅಗೆದು ಅಗೆದು ಮಾಡಿದ ಗುಂಡಿಗಳು ಇವು. ಆಮೇಲೆ ಸಮುದ್ರದ ಮಟ್ಟ ಏರಿತು, ಗುಂಡಿ ತುಂಬಿತು. ದೋಣಿ ಆರಿಸುವವರಿಗೂ ಇದು ಬೇಕಾದ ಮಾತೇ. ಗುಂಡಿ ತೋಡಿದವರು ಹಡಗಿಗಾಗಿ ತೋಡಲಿಲ್ಲ. ಹಿಕ್ಲಿಂಗ್ ಇಲ್ಲಿನ ಅತಿ ದೊಡ್ಡ ಕೆರೆ. ಅಲ್ಲೂ ನೀರು ಬಹುಪಾಲು ಒಬ್ಬ ಆಳಿನ ಎತ್ತರ ದಾಟುವುದಿಲ್ಲ. ಆಳಕ್ಕೆ ಇಳಿಯುವ ತಳವಿರುವ ಸಮುದ್ರದ ದೋಣಿ ಇಲ್ಲಿ ಕೆಸರಿಗೆ ಕೂತುಬಿಡುತ್ತದೆ.

ಹಾಗಾದರೆ ಎಂಥ ದೋಣಿ? ಬಾಡಿಗೆಯ ಪಟ್ಟಿ ಕೈಗೆ ಬಂದ ತಕ್ಷಣ ನಮ್ಮ ಜನ ಮೊದಲು ಎಣಿಸುವುದು ಹಾಸಿಗೆ. ನಾವು ನಾಲ್ಕು ಜನ, ನಾಲ್ಕು ಹಾಸಿಗೆ ಇದೆಯಾ? ಆಮೇಲೆ ಬಚ್ಚಲು, ಒಲೆ, ಫೋನ್ ಚಾರ್ಜ್ ಮಾಡುವ ಜಾಗ. ಇದು ಹೋಟೆಲ್ ಆರಿಸುವ ಕ್ರಮ. ನಾನು ಕೇಳಿದರೆ ಮೊದಲು ನೋಡಬೇಕಾದ್ದು ಕೂವೆಕಂಬ, ಅಂದರೆ ಹಾಯಿ ಕಟ್ಟುವ ಕಂಬ. ಅದನ್ನು ನೀವಿಬ್ಬರೇ ಮಲಗಿಸಿ ಮತ್ತೆ ನಿಲ್ಲಿಸಬಹುದಾ? ಆಗುತ್ತದೆ ಅಂದರೆ ಆ ದೋಣಿ ನಿಮ್ಮದು. ಆಗುವುದಿಲ್ಲ ಅಂದರೆ ಹಾಸಿಗೆ ಎಷ್ಟಿದ್ದರೂ ಬೇಡ.

ಯಾಕೆ ಅಂದರೆ ಸೇತುವೆಗಳು. ಥರ್ನ್ ನದಿಯ ಮೇಲೆ ಪಾಟರ್ ಹೈಯಮ್ ಅನ್ನುವ ಊರಿದೆ. ಅಲ್ಲೊಂದು ಮಧ್ಯಯುಗದ ಕಲ್ಲುಸೇತುವೆ. ನಡುವಿನ ಕಮಾನಿನ ಕೆಳಗೆ ಸಿಗುವ ಜಾಗ ಸುಮಾರು ಎರಡು ಮೀಟರ್, ಅದೂ ಕಮಾನಿನ ನೆತ್ತಿಯಲ್ಲಿ ಮಾತ್ರ. ಬಾಡಿಗೆಯ ಮೋಟರು ದೋಣಿಯವರು ತಾವಾಗಿಯೇ ದಾಟುವಂತಿಲ್ಲ. ದೊಡ್ಡ ಮೋಟರು ದೋಣಿಗಳಂತೂ ದಾಟುವುದೇ ಇಲ್ಲ. ಹಾಯಿದೋಣಿಯವರು ದಡಕ್ಕೆ ಕಟ್ಟಿ, ಹಾಯಿ ಇಳಿಸಿ, ಕಂಬವನ್ನು ಹಿಂದಕ್ಕೆ ಮಲಗಿಸಿ, ತಲೆ ತಗ್ಗಿಸಿಕೊಂಡು ನುಸುಳುತ್ತಾರೆ. ಪಕ್ಕದಲ್ಲೇ ಹೊಸ ರಸ್ತೆಯ ಸೇತುವೆ. ಎರಡನ್ನೂ ದಾಟಿದ ಮೇಲೆ ಕಂಬ ಎತ್ತುವುದು. ಆ ಕಡೆಗೇ ಹಿಕ್ಲಿಂಗ್ ಇರುವುದು, ಹಾರ್ಸಿಯ ಗಾಳಿಯಂತ್ರ ಇರುವುದು, ಜನ ಕಡಿಮೆ ಇರುವುದು.

ಈ ಕಂಬದ ಜಾಣತನ ಹಳೆಯ ಕಾಲದ್ದು. ಹಿಂದೆ ಈ ನದಿಗಳಲ್ಲಿ ಸರಕು ಹೊರುತ್ತಿದ್ದ ದೋಣಿಗೆ ವೆರಿ ಅಂತ ಹೆಸರು. ಒಂದೇ ಕಂಬ, ಒಂದೇ ದೊಡ್ಡ ಕಪ್ಪು ಹಾಯಿ. ಬಟ್ಟೆ ಕೊಳೆಯದಿರಲಿ ಅಂತ ಡಾಂಬರು, ಮೀನೆಣ್ಣೆ ಹಚ್ಚುತ್ತಿದ್ದರು, ಅದಕ್ಕೇ ಆ ಕಪ್ಪು. ಅಷ್ಟು ದೊಡ್ಡ ದೋಣಿಯನ್ನು ನಡೆಸುತ್ತಿದ್ದವರು ಒಬ್ಬ ಯಜಮಾನ, ಜೊತೆಗೆ ಒಬ್ಬ ಹುಡುಗ ಅಥವಾ ಹೆಂಡತಿ. ಇಬ್ಬರಿಂದ ಅಂಥ ಕಂಬ ಹೇಗೆ ಮಲಗುತ್ತದೆ? ಕಂಬದ ಬುಡಕ್ಕೆ ಸೀಸದ ಭಾರ ಕಟ್ಟಿರುತ್ತಾರೆ. ಬುಡದ ಹತ್ತಿರ ಒಂದು ಕೀಲು. ಏತದ ಮರದ ಹಾಗೆ, ತುದಿ ಇಳಿದರೆ ಬುಡ ಏರುತ್ತದೆ. ಹಗ್ಗವನ್ನು ಮೆಲ್ಲಗೆ ಬಿಟ್ಟರೆ ಸಾಕು. ಇಂಥ ವೆರಿಗಳು ನೂರಾರು ಇದ್ದವು. 1898ರಲ್ಲಿ ಕಟ್ಟಿದ ಆಲ್ಬಿಯನ್ ಅನ್ನುವ ಸರಕಿನ ವೆರಿ ಈಗಲೂ ತೇಲುತ್ತಿದೆ. ಅದನ್ನು ಉಳಿಸಲೆಂದೇ 1949ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಬಾಡಿಗೆಗೆ ಸಿಗುವ ಚಿಕ್ಕ ಹಾಯಿದೋಣಿಗಳಲ್ಲೂ ಕಂಬ ಮಲಗಿಸುವ ಲೆಕ್ಕ ಇದೇ.

ಈ ಚಿಕ್ಕ ದೋಣಿಗಳಲ್ಲಿ ನನಗೆ ಇಷ್ಟವಾದವು ಲಡಮ್ ಊರಿನ ಹಂಟರ್ಸ್ ಯಾರ್ಡ್‌ನವು. ಪರ್ಸಿ ಹಂಟರ್ ಮತ್ತು ಅವರ ಇಬ್ಬರು ಗಂಡುಮಕ್ಕಳು 1930ರ ದಶಕದಲ್ಲಿ ಶುರು ಮಾಡಿದ ದೋಣಿಕಟ್ಟೆ ಅದು, ಅಂದರೆ ದೋಣಿ ಮಾಡಿ ಬಾಡಿಗೆಗೆ ಕೊಡುವ ಜಾಗ. ಎಲ್ಲ ಮಹೋಗನಿ ಮರದ ದೋಣಿ. ಇಂಜಿನ್ ಇಲ್ಲದೆಯೇ ಓಡಲಿ ಅಂತ ಕಟ್ಟಿದವು. 1968ರಲ್ಲಿ ಜಿಲ್ಲಾ ಆಡಳಿತ ಇದನ್ನು ಕೊಂಡು ಶಾಲೆಯ ಮಕ್ಕಳಿಗೆ ಹಾಯಿ ಕಲಿಸಿತು. ಆಮೇಲೆ ಮಾರುವ ಮಾತು ಬಂತು. ದೋಣಿಗಳು ಚೆಲ್ಲಾಪಿಲ್ಲಿ ಆಗಬಾರದು ಅಂತ ಊರಿನವರೇ ಸೇರಿ ಟ್ರಸ್ಟ್ ಮಾಡಿ ಉಳಿಸಿಕೊಂಡರು. ಅಲ್ಲಿ ಹಸ್ಲರ್ ಅನ್ನುವ ಚಿಕ್ಕ ಜಾತಿಯ ದೋಣಿ ಇಬ್ಬರಿಗೆ ಸರಿ. ಲಲಬೈ ಅನ್ನುವ ಜಾತಿ ನಾಲ್ವರಿಗೆ. ಲಲಬೈ ಅಂದರೆ ಜೋಗುಳ. ಎಷ್ಟು ಚೆನ್ನಾಗಿ ಹೆಸರಿಟ್ಟಿದ್ದಾರೆ ನೋಡಿ.

ನಾಲ್ಕು ಜನ ಇದ್ದರೂ ನಾನು ಎರಡು ಚಿಕ್ಕ ದೋಣಿ ತಗೊಳ್ಳಿ ಅಂತಲೇ ಹೇಳುವುದು. ಹಣ ಜಾಸ್ತಿ ಆಗುತ್ತದೆ, ನಿಜ. ಆದರೆ ಚಿಕ್ಕ ದೋಣಿಯ ಹಾಯಿ ಚಿಕ್ಕದು, ಹಗ್ಗ ಎಳೆಯಲು ಹಗುರ, ದಡಕ್ಕೆ ತಂದು ನಿಲ್ಲಿಸುವುದು ಸುಲಭ. ಇನ್ನೊಂದು ಗುಟ್ಟು, ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಮಲಗುವ ಪ್ರಮೇಯ ತಪ್ಪುತ್ತದೆ.

ಕೋಣೆ ಅಂದೆ, ಅದನ್ನೂ ಬಿಡಿಸಿ ಹೇಳಬೇಕು. ಸೇತುವೆ ದಾಟಬೇಕಲ್ಲ, ಅದಕ್ಕೆ ಕೋಣೆಯ ಮಾಡು ತಗ್ಗು. ದೋಣಿ ಕಟ್ಟಿ ನಿಂತ ಮೇಲೆ ಆ ಮಾಡನ್ನು ಮೇಲಕ್ಕೆ ಎತ್ತಬಹುದು. ಸುತ್ತ ಕ್ಯಾನ್ವಾಸ್ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುತ್ತದೆ. ಆಗ ನೆಟ್ಟಗೆ ನಿಂತು ಸೀರೆ ಉಡಬಹುದು. ಹಿಂಭಾಗದ ಕೂರುವ ಜಾಗಕ್ಕೂ ರಾತ್ರಿ ಒಂದು ಬಟ್ಟೆಯ ಹೊದಿಕೆ. ಮಳೆ ಬಂದರೆ ಅಲ್ಲೇ ಕೂತು ಕಾಫಿ. ಒಲೆ ಚಿಕ್ಕದು. ಉಪ್ಪಿಟ್ಟು, ಚಿತ್ರಾನ್ನ, ತಿಳಿಸಾರು ಆಗುತ್ತದೆ. ದೋಸೆಯ ಆಸೆ ಬಿಡಿ. ಮೊಣಕಾಲು ನೋವು ಇರುವವರು ಮಾತ್ರ ಬುಕ್ ಮಾಡುವ ಮೊದಲು ಒಮ್ಮೆ ದೋಣಿಗೆ ಇಳಿದು ಹತ್ತಿ ನೋಡುವುದು ಒಳ್ಳೆಯದು. ಟಾಯ್ಲೆಟ್ ಚಿಕ್ಕ ಕಪಾಟಿನಷ್ಟು ಇರುತ್ತದೆ. ಅದನ್ನು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಿ, ನಾಚಿಕೆ ಬೇಡ.

ಇಂಜಿನ್ ಬೇಕಾ ಬೇಡವಾ? ಇಲ್ಲಿ ಜಗಳ ಶುರುವಾಗುತ್ತದೆ. ಬ್ಯೂರ್ ದಡದ ಅಪ್ಟನ್ ಕಡೆ ಹಾಯಿಯ ಜೊತೆ ಇಂಜಿನ್ನೂ ಇರುವ ದೋಣಿಗಳು ಸಿಗುತ್ತವೆ. ಗೊತ್ತಾದ ದಿನ ಗೊತ್ತಾದ ಊರಿಗೆ ಮುಟ್ಟಲೇಬೇಕು ಅನ್ನುವವರಿಗೆ ಅದೇ ಸರಿ. ಆದರೆ ಇಂಜಿನ್ ಇದ್ದರೆ ಏನಾಗುತ್ತದೆ ಗೊತ್ತಾ? ಗಾಳಿ ಸ್ವಲ್ಪ ಸತ್ತ ತಕ್ಷಣ ಕೈ ಅದರ ಕಡೆಗೇ ಹೋಗುತ್ತದೆ. ಎರಡನೆಯ ದಿನದ ಹೊತ್ತಿಗೆ ಹಾಯಿ ಸುಮ್ನೆ ಅಲಂಕಾರಕ್ಕೆ ಉಳಿಯುತ್ತದೆ. ಇಂಜಿನ್ ಇಲ್ಲದವರ ಹತ್ತಿರ ಒಂದು ಗಳ ಇರುತ್ತದೆ. ಉದ್ದದ ಮರದ ಗಳ. ಕೆಸರಿನಲ್ಲಿ ಹೂತುಹೋಗದಂತೆ ಕೆಳತುದಿಗೆ ಒಂದು ತಡೆ, ಹೆಗಲು ಕೊಟ್ಟು ನೂಕಲು ಮೇಲ್ತುದಿಗೆ ಒಂದು ಗುಬಟು. ಮೂತಿಯ ಕಡೆ ಗಳ ಊರಿ, ಅದಕ್ಕೆ ಹೆಗಲು ಕೊಟ್ಟು, ದೋಣಿಯ ಅಂಚಿನ ಮೇಲೆ ಹಿಂದಕ್ಕೆ ನಡೆಯುವುದು. ಕೊನೆಯಲ್ಲಿ ಒಂದು ತಿರುವು ಕೊಟ್ಟು ಕಿತ್ತುಕೊಳ್ಳಬೇಕು. ಕೀಳಲು ಬಾರದಿದ್ದರೆ ಗಳವನ್ನು ಬಿಟ್ಟುಬಿಡಿ. ಹಿಡಿದುಕೊಂಡೇ ಇದ್ದರೆ ದೋಣಿ ಮುಂದಕ್ಕೆ ಹೋಗುತ್ತದೆ, ನೀವು ಗಳದ ಮೇಲೆ ಉಳಿಯುತ್ತೀರಿ. ನಮ್ಮ ಕರಾವಳಿಯ ಹೊಳೆಬದಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಯಿದೋಣಿಯಲ್ಲೇ ಹೋಗಬೇಕು, ಆದರೆ ಹಗ್ಗ ಮುಟ್ಟುವುದು ಬೇಡ ಅನ್ನುವವರೂ ಇರುತ್ತೀರಿ. ಅವರಿಗೆ ಹಳೆಯ ವೆರಿಗಳನ್ನು ನಡೆಸುವವರ ಜೊತೆಗೇ ಬಾಡಿಗೆಗೆ ಕೊಡುತ್ತಾರೆ. ಅವುಗಳಲ್ಲಿ ಹಾತೋರ್ ಅನ್ನುವ ಒಂದು ದೋಣಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಾರಿಚ್‌ನಲ್ಲಿ ಕೋಲ್ಮನ್ ಅಂತ ಸಾಸಿವೆ ವ್ಯಾಪಾರದ ದೊಡ್ಡ ಮನೆತನ. ಆ ಮನೆಯ ಮಗ ಆಲನ್‌ಗೆ ಕಾಯಿಲೆ. ಬಿಸಿಲಿನ ದೇಶದಲ್ಲಿ ಗುಣವಾದೀತು ಅಂತ ಈಜಿಪ್ಟಿಗೆ ಕರೆದೊಯ್ದರು. ನೈಲ್ ನದಿಯಲ್ಲಿ ಹಾತೋರ್ ಅನ್ನುವ ಹಾಯಿದೋಣಿಯಲ್ಲಿ ಪ್ರಯಾಣ. ಆಲನ್ ಬದುಕಲಿಲ್ಲ, 1897ರಲ್ಲಿ ಅಲ್ಲೇ ತೀರಿಕೊಂಡ. ಅವನ ಅಕ್ಕತಂಗಿಯರಾದ ಎಥೆಲ್ ಮತ್ತು ಹೆಲೆನ್ 1905ರಲ್ಲಿ ಇಲ್ಲಿ ಒಂದು ವೆರಿ ಕಟ್ಟಿಸಿ ಅದೇ ಹೆಸರಿಟ್ಟರು. ಹೊರಗಿನಿಂದ ನೋಡಿದರೆ ನಾರ್ಫೋಕ್ ದೋಣಿ. ಒಳಗೆ ಮರದ ಗೋಡೆಯ ತುಂಬ ಈಜಿಪ್ಟಿನ ಚಿತ್ರಲಿಪಿ, ಪ್ರಾಣಿಗಳು, ತಾವರೆ. ಒಳಗಿನ ಅಂದ ರೂಪಿಸಿದವರು ಅವರ ಭಾವಮೈದುನ, ವಾಸ್ತುಶಿಲ್ಪಿ ಎಡ್ವರ್ಡ್ ಬೋರ್ಡ್‌ಮನ್. ಆಂಟ್ ನದಿಯ ದಡದಲ್ಲಿ ಹೌ ಹಿಲ್ ಅಂತ ಒಂದು ದೊಡ್ಡ ಹುಲ್ಲುಮಾಡಿನ ಮನೆ ಇದೆ. ಅದೂ ಅವರೇ ತಮಗಾಗಿ ಕಟ್ಟಿಕೊಂಡಿದ್ದು. ಅದರ ಕೆಳಗೇ ದೋಣಿ ಕಟ್ಟಿ ನಿಲ್ಲಿಸುವ ಜಾಗ. ಅಲ್ಲಿ ಒಂದು ರಾತ್ರಿ ನಿಲ್ಲಿ.

ಇನ್ನು ಯಾವ ನದಿ? ಮೊದಲ ಸಲ ಹೋಗುವವರು ಥರ್ನ್ ಕಡೆಗೇ ಇರಿ. ಎರಡೂ ಕಡೆ ಬಯಲು ಜೌಗು, ಜೊಂಡು, ಹಳೆಯ ಗಾಳಿಯಂತ್ರಗಳು. ಗಾಳಿಗೆ ಅಡ್ಡಿಯಿಲ್ಲ. ರಾಕ್ಸಮ್‌ನಿಂದ ಹಾರ್ನಿಂಗ್‌ವರೆಗೆ ಬ್ಯೂರ್ ನದಿ ನೋಡಲು ಚೆಂದ, ಆದರೆ ದಡದ ತುಂಬ ಮರ. ಗಾಳಿ ಒಂದು ಸಲ ಮುಂದಿನಿಂದ, ಒಂದು ಸಲ ಹಿಂದಿನಿಂದ, ಒಂದೊಂದು ಸಲ ಇಲ್ಲವೇ ಇಲ್ಲ. ಬೇಸಿಗೆಯ ಭಾನುವಾರ ಆ ದಾರಿಯಲ್ಲಿ ಮೋಟರು ದೋಣಿಗಳ ಸಂತೆ. ಥರ್ನ್ ನದಿಯು ಬ್ಯೂರ್‌ಗೆ ಸೇರುವ ಕಡೆಯಿಂದ ಸ್ವಲ್ಪ ಮೇಲಕ್ಕೆ ಸೇಂಟ್ ಬೆನೆಟ್ಸ್ ಮಠದ ಪಾಳು ಇದೆ. ಮಠದ ಹೆಬ್ಬಾಗಿಲಿನ ಒಳಗೇ ಯಾರೋ ಪುಣ್ಯಾತ್ಮರು ಆಮೇಲೆ ಒಂದು ಗಾಳಿಯಂತ್ರ ಕಟ್ಟಿದ್ದಾರೆ. ನಗು ಬರುತ್ತದೆ, ಆದರೆ ನೋಡುವಂತಿದೆ.

ಪಾಟರ್ ಹೈಯಮ್ ಸೇತುವೆಯ ಭಯ ಇದ್ದರೆ ಅದಕ್ಕೂ ಉಪಾಯ ಇದೆ. ಮಾರ್ಥಮ್ ಊರಿನಲ್ಲೂ ಮರದ ಹಾಯಿದೋಣಿ ಬಾಡಿಗೆಗೆ ಸಿಗುತ್ತದೆ, ಮತ್ತು ಆ ಊರು ಸೇತುವೆಯ ಆ ಕಡೆಗೇ ಇದೆ. ಅಲ್ಲಿಂದ ಹೊರಟರೆ ಸೇತುವೆ ದಾಟದೆಯೇ ಹಿಕ್ಲಿಂಗ್ ತಲುಪಬಹುದು. ಗ್ರೇಟ್ ಯಾರ್ಮತ್ ಕಡೆಗೆ ಮಾತ್ರ ಮೊದಲ ಸಲ ಹೋಗಬೇಡಿ. ಅಲ್ಲಿ ಸಮುದ್ರದ ಉಬ್ಬರವಿಳಿತದ ಸೆಳೆತ ಜೋರು, ಸೇತುವೆ ದಾಟಲು ಇಳಿತದ ಕೊನೆಯ ಹೊತ್ತಿಗೇ ಕಾಯಬೇಕು.

ಯಾವ ತಿಂಗಳು ಅಂದರೆ ಮೇ ಕೊನೆಯಿಂದ ಜೂನ್. ಶಾಲೆಯ ದೊಡ್ಡ ಬೇಸಿಗೆ ರಜೆ ಶುರುವಾಗಿರುವುದಿಲ್ಲ, ಆ ರಜೆಗಿಂತ ಬಾಡಿಗೆಯೂ ಕಡಿಮೆ. ಬ್ರಿಟನ್ನಿನಲ್ಲಿ ಸ್ವಾಲೋಟೇಲ್ ಚಿಟ್ಟೆ ಉಳಿದಿರುವುದು ಈ ಜೌಗಿನಲ್ಲಿ ಮಾತ್ರ, ಅದು ಹಾರುವುದೂ ಆಗಲೇ. ಜೊಂಡಿನೊಳಗಿನಿಂದ ಬಿಟರ್ನ್ ಅನ್ನುವ ಬಕದ ಜಾತಿಯ ಹಕ್ಕಿ ಹೂಂ ಅಂತ ಕೂಗುತ್ತಿರುತ್ತದೆ. ಖಾಲಿ ಕೊಡದ ಬಾಯಿಗೆ ಊದಿದ ಸದ್ದು. ಹಕ್ಕಿ ಕಾಣುವುದಿಲ್ಲ, ಸದ್ದು ಮಾತ್ರ.

ದೋಣಿ ಕೊಡುವವರು ನಿಮಗೆ ಹಾಯಿ ಬರುತ್ತದಾ ಅಂತ ಕೇಳುತ್ತಾರೆ. ಬರದಿದ್ದರೆ ಬರುವುದಿಲ್ಲ ಅನ್ನಿ. ಹಂಟರ್ಸ್ ಯಾರ್ಡ್‌ನಲ್ಲಿ ಕಲಿಸುತ್ತಾರೆ, ಬೇಕಿದ್ದರೆ ನಡೆಸುವವರನ್ನೂ ಜೊತೆಗೆ ಕಳಿಸುತ್ತಾರೆ. ಹೊರಡುವ ಮುಂಚೆ ಅವರ ಎದುರಿಗೇ ಕಂಬ ಮಲಗಿಸಿ, ಮತ್ತೆ ಎತ್ತಿ ತೋರಿಸಿ. ಗಾಳಿ ಜಾಸ್ತಿಯಾದಾಗ ಹಾಯಿ ಚಿಕ್ಕದು ಮಾಡುವುದನ್ನೂ ದಡದಲ್ಲೇ ಕಲಿಯಿರಿ. ಹಾಯಿಯ ಕೆಳಗಿನ ಅಡ್ಡಮರ ಹಠಾತ್ತಾಗಿ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ, ತಲೆ ಜೋಪಾನ. ಈಜು ಬಂದರೂ ಲೈಫ್ ಜಾಕೆಟ್ ತೆಗೆಯಬೇಡಿ.

ದಿನಕ್ಕೆ ಎಷ್ಟು ದೂರ ಅನ್ನುವ ಲೆಕ್ಕ ಹಾಕಬೇಡಿ. ಮೋಟರು ದೋಣಿಗಳಿಗೇ ಇಲ್ಲಿ ವೇಗದ ಮಿತಿ ಗಂಟೆಗೆ ಮೂರರಿಂದ ಆರು ಮೈಲಿ. ರಾತ್ರಿ ದೋಣಿ ಕಟ್ಟಿ ನಿಲ್ಲಲು, ಈ ನೀರದಾರಿಗಳನ್ನು ನೋಡಿಕೊಳ್ಳುವ ಬ್ರಾಡ್ಸ್ ಪ್ರಾಧಿಕಾರದ ಕಟ್ಟೆಗಳಿವೆ, 24 ಗಂಟೆ ನಿಂತರೂ ಹೆಚ್ಚಿನ ಕಡೆ ದುಡ್ಡಿಲ್ಲ. ಸಂಜೆಯೊಳಗೆ ಜಾಗ ಹಿಡಿಯಿರಿ, ಕತ್ತಲಾದ ಮೇಲೆ ಬಾಡಿಗೆ ದೋಣಿ ಓಡಿಸುವಂತಿಲ್ಲ. ಕೊನೆಯ ರಾತ್ರಿ ಮಾತ್ರ ದೋಣಿ ಒಪ್ಪಿಸಬೇಕಾದ ಕಟ್ಟೆಗೆ ಹತ್ತಿರವೇ ಬಂದು ನಿಲ್ಲಿ, ಬೆಳಿಗ್ಗೆ ಗಾಳಿ ಬಾರದಿದ್ದರೂ ಗಳ ಊರಿಕೊಂಡು ಮುಟ್ಟುವಷ್ಟು ಹತ್ತಿರ. ಒಂಬತ್ತಕ್ಕೆ ಅವರು ಮುಂದಿನವರಿಗಾಗಿ ಬಕೆಟ್ಟು, ಪೊರಕೆ ಹಿಡಿದು ಕಾಯುತ್ತಿರುತ್ತಾರೆ.

ನಮಸ್ಕಾರ.